ಮಿಷನ್ನಿನೊಳಗಿನ ಗಟ್ಟಿಗಿತ್ತಿ

ಮೂಗಿಗೆ ಕ್ಲಿಪ್ಪು ಬಿತ್ತು, ಬೀಗ ಹಾಕಿದ ಬಾಗಿಲಿಗೆ ಇನ್ನೊಂದು ಚಿಲಕ, ಹುಟ್ಟಿದ ದಿನದಿಂದ ಕಟ್ಟಿಕೊಂಡೇ ಇರುವ ಮೂಗಿಗೆ ಇವರು ಯಾಕೆ ಇಷ್ಟು ಕಾಳಜಿಯಿಂದ ಕ್ಲಿಪ್ಪು ಸಿಕ್ಕಿಸುತ್ತಾರೋ, ಇರಲಿ, ಆಸ್ಪತ್ರೆಯ ನಿಯಮ, ಬಾಯಲ್ಲಿ ರಟ್ಟಿನ ಕೊಳವೆ, ನಾಲಿಗೆಯ ಮೇಲೆ ಒದ್ದೆ ರಟ್ಟಿನ ರುಚಿ, ಸುತ್ತಲೂ ಗಾಜು, ಒಬ್ಬರು ಕೂತರೆ ತುಂಬಿಹೋಗುವ ಗಾಜಿನ ಪೆಟ್ಟಿಗೆ, ಅದರಾಚೆ ಊದಿಸುವ ಹುಡುಗಿ ಒಂದು ಕೈ ಮೇಲೆತ್ತಿ ನಿಂತಿದ್ದಾಳೆ — ಹುಡುಗಿ ಅಂದರೆ ಮೂವತ್ತರ ಹತ್ತಿರ ಇರಬಹುದು, ನನ್ನ ಕಣ್ಣಿಗೆ ಹುಡುಗಿಯೇ, ಹೊಸಬಳು, ಈ ಕೆಲಸಕ್ಕೆ ಬಂದು ವರ್ಷವಾಗಿರಬಹುದು — ಉಸಿರು ಎಳ್ಕೊಳ್ಳಿ, ಇನ್ನೂ, ಇನ್ನೂ, ಪೂರ್ತಿ ಎಳ್ಕೊಳ್ಳಿ, ಹಾಂ ಈಗ ಊದಿ, ಊದಿ ಊದಿ ಊದಿ, ಅಯ್ಯೋ ನನ್ನವ್ವ, ಇದೂ ಒಂದು ಕೂಗೇನೇ, ನಿನ್ನನ್ನು ಬಂದರಿನ ಹರಾಜುಕಟ್ಟೆಯ ಮೇಲೆ ನಿಲ್ಲಿಸಿದರೆ ಒಂದು ಬುಟ್ಟಿ ಸೀಗಡಿಯೂ ಕದಲುವುದಿಲ್ಲ, ಕೂಗು ಹೊಟ್ಟೆಯಿಂದ ಬರಬೇಕು, ಗಂಟಲಿಂದ ಅಲ್ಲ, ನಾನೇ ಆಚೆ ಬಂದು ಕಲಿಸಿಕೊಡಲಾ, ಬೇಡ, ಈಗ ಊದುವ ಕೆಲಸ ನನ್ನದು, ಊದುತ್ತಿದ್ದೇನೆ, ಮೊದಲ ರಭಸ ಚೆನ್ನಾಗಿಯೇ ಹೋಯಿತು, ಉಳಿದದ್ದನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ ತೆಗೆಯಬೇಕು, ಇನ್ನೂ ಇನ್ನೂ ಇನ್ನೂ ಎನ್ನುತ್ತಿದ್ದಾಳೆ, ಇನ್ನೂ — ಬಂತು, ಗೊರಗೊರ, ಎಡಗಡೆ ಕೆಳಗಿಂದ ಎದ್ದು ಬಂತು, ತಡೆ, ತಡೆ, ತಡೆಯಲಾಗಲಿಲ್ಲ, ಕೆಮ್ಮು, ಕೊಳವೆ ಬಾಯಿಂದ ಜಾರಿ ತೊಡೆಯ ಮೇಲೆ. ಇದು ಲೆಕ್ಕಕ್ಕಿಲ್ಲ ಎಂದಳು ಹುಡುಗಿ, ಸುಧಾರಿಸ್ಕೊಳ್ಳಿ, ನಮಗೆ ಮೂರು ಒಳ್ಳೇ ಊದು ಬೇಕು, ಅವಸರ ಇಲ್ಲ.

ಅವಸರ ನಿನಗಿಲ್ಲ ತಾಯಿ, ನನಗಿದೆ, ನನಗೆ ಇವತ್ತೇ ತೀರ್ಮಾನ. ಕೆಮ್ಮಿನ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಮಾಡಿಕೊಂಡರೆ ಅನ್ನ ಕೊಟ್ಟವರ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ, ದೋಣಿಗಳು ಬಂದು ಮೀನು ಇಳಿಸುವ ಧಕ್ಕೆಯ ಮೇಲೆ ನನ್ನ ಕೆಮ್ಮಿಗೆ ಇರುವ ಬೆಲೆ ಬೇರೆಯವರ ಮಾತಿಗೂ ಇಲ್ಲ, ಬೇರೆ ಹರಾಜಿನವರು ಗಂಟೆ ಹೊಡೆಯುತ್ತಾರೆ, ಹಲಗೆ ಕುಟ್ಟುತ್ತಾರೆ, ನಾನು ಒಂದೇ ಉಸಿರಿನಲ್ಲಿ ಕೂಗುತ್ತ ಹೋಗುತ್ತೇನೆ, ಉಸಿರು ಮುಗಿದು ಕೆಮ್ಮು ಬಂದಲ್ಲಿಗೆ ಆ ಬುಟ್ಟಿಯ ಹರಾಜು ಮುಗಿಯಿತು, ಕೊನೆಗೆ ಬೆಲೆ ಹೇಳಿದವನಿಗೆ ಮಾಲು, ಇನ್ನು ಚೌಕಾಸಿ ಇಲ್ಲ, ಜಗಳವೂ ಇಲ್ಲ, ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದೆ, ಸೋದರಮಾವನ ಗಂಟಲು ಕಟ್ಟಿದ ಒಂದು ಬೆಳಗ್ಗೆ ಅವನ ಬದಲು ಕಟ್ಟೆ ಹತ್ತಿದವಳು ನಾನು, ನಡುವೆ ಕೆಮ್ಮು ಬಂದಾಗ ಎಲ್ಲರೂ ಸುಮ್ಮನಾದರು, ಮುಗೀತೇನಮ್ಮ ಎಂದು ಯಾರೋ ಕೇಳಿದರು, ನಾನು ತಲೆ ಆಡಿಸಿದೆ, ಅಷ್ಟೇ, ಅವತ್ತಿನಿಂದ ಅದೇ ರೂಢಿ, ಅಕ್ಕ ಕೆಮ್ಮೋದ್ರೊಳಗೆ ಹೇಳ್ಬಿಡ್ರೋ ಎಂದು ಒಬ್ಬರನ್ನೊಬ್ಬರು ನೂಕುತ್ತಾರೆ, ನನ್ನ ಕುತ್ತಿಗೆಯ ನರ ನೋಡುತ್ತ ನಿಲ್ಲುತ್ತಾರೆ, ಈಗ ಬಂತು ಈಗ ಬಂತು ಎಂದು ಬೆಲೆ ಏರಿಸುತ್ತಾರೆ, ಒಳ್ಳೆಯ ಮಾಲು ಬಂದ ದಿನ ನಾನೂ ಬಿಡುತ್ತೇನೆಯೇ, ಬಾರದ ಕೆಮ್ಮನ್ನು ಬಂದ ಹಾಗೆ ತೋರಿಸಿ ಮುಖ ಕೆಂಪು ಮಾಡಿ ಆಟ ಆಡಿಸುತ್ತೇನೆ — ಆ ಕಟ್ಟೆ ಬಿಟ್ಟು ಇಳಿಯಬೇಕಂತೆ ನಾನು. ಹೋದ ಸಲ ದೊಡ್ಡ ಡಾಕ್ಟರು ಹೇಳಿದ ಮಾತು, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು, ಕುರ್ಚಿ ಎಳೆದಾಗಲೇ ನನಗೆ ಗೊತ್ತಾಯಿತು, ನೋಡಿಮ್ಮ, ಎರಡು ಸಲದಿಂದ ಇಳೀತಾ ಇದೆ, ಮೂರನೇ ಸಲಾನೂ ಹೀಗೇ ಇದ್ರೆ ನಾನು ಕಾಯಲ್ಲ, ಎಡಗಡೆ ಶ್ವಾಸಕೋಶದ ಕೆಳಗಿನ ಭಾಗ ಕತ್ತರಿಸಿ ತೆಗೀಬೇಕು, ಐಸು, ತಣ್ಣೀರು, ಕೂಗಾಟ ಎಲ್ಲಾ ಅವತ್ತಿಗೇ ಬಂದ್. ನಾನು ಸರಿ ಡಾಕ್ಟ್ರೇ ಎಂದೆ, ಅಷ್ಟು ಸಣ್ಣ ದನಿ ನನ್ನ ಬಾಯಿಂದ ಅದುವರೆಗೆ ಬಂದಿರಲಿಲ್ಲ.

ನೀರು ಕುಡೀತೀರಾ ಎಂದು ಹುಡುಗಿ ಕೇಳುತ್ತಿದ್ದಾಳೆ, ಕುಡಿಯುತ್ತೇನೆ, ಗಾಜಿನಾಚೆ ಬಾಗಿಲ ಸಂದಿಯಲ್ಲಿ ಅಮ್ಮನ ಚಪ್ಪಲಿ ಕಾಣುತ್ತಿದೆ, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಳೆ, ಒಳಗೆ ಬಾ ಎಂದರೆ ಬರುವುದಿಲ್ಲ, ನಾನಿದ್ರೆ ನಿನಗೆ ಗಾಬರಿಯಾಗುತ್ತೆ ಎನ್ನುತ್ತಾಳೆ, ಗಾಬರಿ ಯಾರಿಗೆ ಎಂದು ಇಬ್ಬರಿಗೂ ಗೊತ್ತು. ಹುಟ್ಟಿದಾಗಲೇ ಗಾಬರಿ ಹುಟ್ಟಿಸಿದವಳು ನಾನು, ಕಂಪೌಂಡರು ಎಡಗಡೆ ಎದೆಗೆ ಸ್ಟೆತಸ್ಕೋಪು ಒತ್ತಿ ಬೆವತುಹೋದನಂತೆ, ಮಗೂಗೆ ಎದೆಬಡಿತಾನೇ ಇಲ್ಲ ಎಂದನಂತೆ, ನಾನು ಅಷ್ಟು ಹೊತ್ತೂ ಅವನ ಕಿವಿಯ ಹತ್ತಿರವೇ ಕಿರುಚುತ್ತಿದ್ದೆ, ಎದೆಬಡಿತ ಇಲ್ಲದ ಮಗು ಹಿಂಗೆ ಕಿರುಚುತ್ತೇನ್ರೀ ಎಂದು ಅಮ್ಮ ಬಾಣಂತಿ ಹಾಸಿಗೆಯಿಂದಲೇ ದಬಾಯಿಸಿದಳಂತೆ, ಆಮೇಲೆ ನೋಡಿದರೆ ಹೃದಯ ಬಲಕ್ಕೆ, ಹೊಟ್ಟೆಯೊಳಗಿನದೂ ಎಲ್ಲ ಅದಲುಬದಲು, ಕನ್ನಡಿಯಲ್ಲಿ ನೋಡಿ ಮಾಡಿದ ಹೆಂಗಸು ನಾನು. ಅದು ಕಾಯಿಲೆಯಲ್ಲ, ಕಾಯಿಲೆಯ ಗುರುತು, ಉಸಿರಿನ ಕೊಳವೆಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳಿರುತ್ತವಂತೆ, ಎಲ್ಲರಲ್ಲೂ ಅವು ಎದ್ದಾಗಲೂ ಮಲಗಿದಾಗಲೂ ಆಡುತ್ತ ಕಫ, ಧೂಳು ಎಲ್ಲವನ್ನೂ ಗುಡಿಸಿ ಮೇಲಕ್ಕೆ ತಳ್ಳುತ್ತವಂತೆ, ನನ್ನವು ಇವೆ, ಸುಮ್ಮನೆ ಇವೆ, ಮೈಗಳ್ಳ ಪೊರಕೆಗಳು, ಅಪ್ಪನ ಕಡೆಯಿಂದ ಒಂದು ದೋಷ, ಅಮ್ಮನ ಕಡೆಯಿಂದ ಒಂದು, ಒಂದೊಂದೇ ಇದ್ದದ್ದರಿಂದ ಅವರಿಬ್ಬರೂ ಗುಂಡುಕಲ್ಲಿನ ಹಾಗೆ ಇದ್ದರು, ಎರಡೂ ಬಂದು ಕೂತದ್ದು ನನ್ನ ಎದೆಯಲ್ಲಿ, ಪಿತ್ರಾರ್ಜಿತ ಅಂತ ನನಗೆ ಸಿಕ್ಕ ಆಸ್ತಿ ಇದೊಂದೇ. ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಬರುವಂಥದ್ದಂತೆ, ಕಾಯಿಲೆಗೆ ಹೆಸರಿಡುವಷ್ಟರಲ್ಲಿ ನನಗೆ ಹತ್ತು ವರ್ಷ, ಅಲ್ಲಿಯವರೆಗೆ ಒಬ್ಬರು ಅಸ್ತಮಾ ಎಂದರು, ಒಬ್ಬರು ಟಿಬಿ ಎಂದರು, ಪಕ್ಕದ ಮನೆಯಾಕೆ ದೃಷ್ಟಿ ಎಂದಳು, ಟೀಚರು ನನ್ನನ್ನು ಕೊನೇ ಬೆಂಚಿಗೆ ಕಳಿಸಿದರು, ಕಿವಿಯೂ ಸೋರುತ್ತಿತ್ತು, ಪಾಠ ಅರ್ಧವೇ ಕೇಳುತ್ತಿತ್ತು, ನನಗೆ ಕೇಳದೆ ಇದ್ದದ್ದರಿಂದ ಬೇರೆಯವರಿಗೂ ಕೇಳುವುದಿಲ್ಲ ಎಂದುಕೊಂಡು ಕೂಗಿ ಕೂಗಿ ಮಾತಾಡಿದೆ, ನೋಡಿ, ದೇವರು ಒಂದು ಕಡೆ ಕಿತ್ತುಕೊಂಡದ್ದನ್ನು ಗಂಟಲಿಗೆ ಸುರಿದಿದ್ದ. ಮೂಗಂತೂ ಮೀನು ಮಾರುವುದಕ್ಕೆ ಹೇಳಿಮಾಡಿಸಿದ್ದು ಎಂದು ಸೋದರಮಾವ ನಗಿಸುತ್ತಿದ್ದ, ಎಂಥ ಹಳಸಿದ ಬುಟ್ಟಿಯ ಪಕ್ಕದಲ್ಲೂ ನಿಂತು ಬನ್ನು ತಿನ್ನಬಲ್ಲೆ, ಹೊಸ ಮಾಲೋ ಹಳೆಯದೋ ಎಂದು ಕಿವಿರು ಎತ್ತಿ ಬಣ್ಣ ನೋಡಿ ಹೇಳುತ್ತೇನೆ, ಬೆರಳೊತ್ತಿ ಹೇಳುತ್ತೇನೆ, ವಾಸನೆ ಅನ್ನುವುದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇವಳು ಇಪ್ಪತ್ತು ದಾಟೋದು ಕಷ್ಟ ಎಂದು ಒಬ್ಬ ಡಾಕ್ಟರು ಹೇಳಿದ್ದರು, ಅಮ್ಮ ಮನೆಗೆ ಬಂದವಳೇ ನನ್ನನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟುವುದಕ್ಕೆ ಶುರು ಮಾಡಿದಳು, ಕಫ ಕದಲಿಸುವುದಕ್ಕೆ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಳು ಬಂದರೂ ತಟ್ಟಿದಳು, ನೆಂಟರು ಬಂದರೂ ತಟ್ಟಿದಳು, ನನ್ನ ಮದುವೆಯ ದಿನವೂ ಬಾಗಿಲು ಹಾಕಿಕೊಂಡು ತಟ್ಟಿದಳು, ನಲವತ್ತು ದಾಟಿದೆ ನನಗೆ ಈಗ, ಆ ಡಾಕ್ಟರು ಎಲ್ಲಿದ್ದಾರೋ ಏನೋ, ಚೆನ್ನಾಗಿರಲಿ.

ರೆಡೀನಾ ಅಕ್ಕ? ರೆಡಿ. ಮತ್ತೆ ಕ್ಲಿಪ್ಪು, ಮತ್ತೆ ರಟ್ಟು, ಈ ಸಲ ಕೆಮ್ಮಲಿಲ್ಲ, ಕೊನೆಯವರೆಗೂ ಹೋದೆ, ಒಂದು ಲೆಕ್ಕಕ್ಕೆ ಸೇರಿತು, ಆದರೆ ಹುಡುಗಿ ಏನೂ ಹೇಳುವುದಿಲ್ಲ, ಕಂಪ್ಯೂಟರಿನ ತೆರೆ ನನಗೆ ಕಾಣದ ಹಾಗೆ ತಿರುಗಿಸಿಕೊಂಡಿದ್ದಾಳೆ, ಊದಪ್ಪನಾಗಿದ್ದರೆ ಇಷ್ಟು ಹೊತ್ತಿಗೆ ಬೈದಾದರೂ ಬೈದಿರುತ್ತಿದ್ದ. ಊದಪ್ಪ ಅಂದರೆ ಇವಳಿಗಿಂತ ಮೊದಲು ಇಲ್ಲಿ ಊದಿಸುತ್ತಿದ್ದ ಮುದುಕ, ನಾನೇ ಇಟ್ಟ ಹೆಸರು, ಹತ್ತು ವರ್ಷದ ಹುಡುಗಿ ಇಟ್ಟ ಹೆಸರು ನಿವೃತ್ತಿಯಾಗುವವರೆಗೂ ಉಳಿಯಿತು, ಸ್ಟೂಲಿನ ಮೇಲೆ ಹತ್ತಿಸಿ ನನ್ನನ್ನು ಮೊದಲ ಸಲ ಊದಿಸಿದವನು ಅವನು, ಅವತ್ತೇ ಹೇಳಿದ್ದ, ನೋಡು ಪುಟ್ಟಿ, ಈ ಮಿಷನ್ನೊಳಗೆ ಒಬ್ಳು ಇದಾಳೆ, ನಿನ್ನಷ್ಟೇ ವಯಸ್ಸು, ನಿನ್ನಷ್ಟೇ ಎತ್ತರ, ಅವಳಿಗೆ ಒಂದು ಶೀತ ಕೂಡ ಬರಲ್ಲ, ಗಟ್ಟಿಗಿತ್ತಿ, ಅವಳು ನೂರು ಊದಿದ್ರೆ ನೀನು ಎಷ್ಟು ಊದ್ತೀಯ, ಅದೇ ನಿನ್ನ ಮಾರ್ಕು. ಅರವತ್ತು ಚಿಲ್ಲರೆ ಬಂದಿತ್ತು ಅವತ್ತು, ಶಾಲೆಯಲ್ಲಿ ಯಾವತ್ತೂ ಅಷ್ಟು ಬಂದಿರಲಿಲ್ಲ, ನಾನು ಕುಣಿದಿದ್ದೆ, ಅಮ್ಮ ಅತ್ತಿದ್ದಳು. ಅವತ್ತಿನಿಂದ ಅವಳ ಜೊತೆ ನನಗೆ ಜಿದ್ದು, ಅವಳ ಮುಖ ಹೀಗಿರಬಹುದು ಹಾಗಿರಬಹುದು ಎಂದು ಕಲ್ಪಿಸಿಕೊಳ್ಳುತ್ತಿದ್ದೆ, ಎರಡು ಜಡೆ, ಒಣ ಮೂಗು, ಮೊದಲ ಬೆಂಚು, ನಾನು ಉದ್ದವಾದ ವರ್ಷ ಅವಳೂ ಉದ್ದವಾದಳು, ನನಗೆ ನ್ಯುಮೋನಿಯಾ ಬಂದು ನೆಲ ಕಚ್ಚಿದ ವರ್ಷ ಅವಳು ಆರಾಮಾಗಿ ನೂರು ಊದಿಕೊಂಡು ಕೂತಿದ್ದಳು, ಪಾಪಿ, ಆಮೇಲೆ ನಾನು ಎದ್ದು ಅವಳ ಬೆನ್ನು ಹಿಡಿದೆ, ಮೂವತ್ತಾದ ಮೇಲೆ ನನ್ನ ಊದು ಸ್ವಲ್ಪ ಕಡಿಮೆಯಾಯಿತು ಎಂದು ನಾನು ಮುಖ ಸಪ್ಪಗೆ ಮಾಡಿಕೊಂಡರೆ ಊದಪ್ಪ ನಕ್ಕ, ಅವಳಿಗೂ ವಯಸ್ಸಾಗಲ್ವೇನೇ, ಅವಳದ್ದೂ ಇಳಿದಿದೆ, ನಿನ್ನ ಮಾರ್ಕು ಇದ್ದಲ್ಲೇ ಇದೆ ನೋಡು ಎಂದ, ಅವಳಿಗೂ ವಯಸ್ಸಾಗುತ್ತದೆ ಅನ್ನುವ ಮಾತಿನಿಂದ ನನಗಾದ ಖುಷಿ ಹೇಳತೀರದು, ಒಂದು ವಾರ ಧಕ್ಕೆಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ, ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಊದಪ್ಪ ಅಳತೆಯಲ್ಲಿ ಕಟುಕ, ಚಪ್ಪಲಿ ಬಿಚ್ಚು, ತುರುಬು ಬಿಚ್ಚು, ಹಿಮ್ಮಡಿ ಗೋಡೆಗೆ ತಾಗಿಸು, ಗದ್ದ ನೆಟ್ಟಗೆ, ಮದುಮಗಳ ಹಾಗೆ ಬಗ್ಗಬೇಡ ಎಂದು ಗದರಿ ಆಮೇಲೆ ಎತ್ತರ ನೋಡುತ್ತಿದ್ದ, ಪ್ರತಿ ಸಲವೂ, ನಾನು ಬೆಳೆಯುವುದು ನಿಂತು ಎಷ್ಟೋ ವರ್ಷವಾದ ಮೇಲೂ. ಅವನಿದ್ದಷ್ಟು ದಿನ ನನ್ನ ಮಾರ್ಕಿನ ಗೆರೆ ಸುಮಾರು ಅರವತ್ತರ ಹತ್ತಿರವೇ ಓಡುತ್ತಿತ್ತು.

ಅವನು ಹೋದ, ಗೆರೆಯೂ ಬಿತ್ತು. ಮೊದಲ ಸಲ ಐವತ್ತನಾಲ್ಕು ಎಂದಾಗ ಹುಡುಗಿಗೆ ಊದಿಸುವುದಕ್ಕೆ ಬರುವುದಿಲ್ಲ ಎಂದು ನಗೆಯಾಡಿದೆ, ಎರಡನೆಯ ಸಲ ಇನ್ನೂ ಇಳಿದಾಗ ನಗೆ ಬರಲಿಲ್ಲ, ಎದೆಯಲ್ಲಿ ನನಗೇನೂ ಬೇರೆ ಅನಿಸಿರಲಿಲ್ಲ, ಅದೇ ಕೆಮ್ಮು, ಅದೇ ಕಫ, ಕಟ್ಟೆಯ ಮೇಲೆ ಅದೇ ಉಸಿರು, ಆದರೆ ಕಾಗದದ ಮೇಲೆ ಇಳಿದಿದೆ, ಕಾಗದಕ್ಕಿಂತ ನಾನು ದೊಡ್ಡವಳೇ? ಆಮೇಲೆ ಅನಿಸತೊಡಗಿತು, ಮೆಟ್ಟಿಲು ಹತ್ತುವಾಗ ಅನಿಸಿತು, ಬುಟ್ಟಿ ಬಗ್ಗಿಸುವಾಗ ಅನಿಸಿತು, ಕೂಗಿನ ನಡುವೆ ಎದೆಯ ಕಡೆ ಲಕ್ಷ್ಯ ಹೋಗತೊಡಗಿತು, ವ್ಯಾಪಾರಿಗಳು ಬೆಲೆ ಏರಿಸುತ್ತಿದ್ದರೆ ನಾನು ನನ್ನೊಳಗೆ ಕಿವಿಗೊಟ್ಟು ನಿಂತಿರುತ್ತಿದ್ದೆ, ಹೆದರಿಕೆ ಅನ್ನುವುದು ಹೀಗೆ, ಎಲ್ಲಿ ನೋಡಿದರೂ ಅದಕ್ಕೆ ಸಾಕ್ಷಿ ಸಿಗುತ್ತದೆ. ಅಮ್ಮನಿಗೆ ಅರವತ್ತೈದಾಯಿತು, ಅವಳ ಮಣಿಕಟ್ಟು ನೋಯುತ್ತದೆ, ಈಗ ಬೆನ್ನಿಗೆ ಕಟ್ಟಿಕೊಂಡು ಅಲುಗಾಡಿಸುವ ಮಿಷನ್ನು ಬಂದಿದೆ, ಬೇಡ ಎಂದರೂ ಕೇಳದೆ ಆರು ತಿಂಗಳಿನಿಂದ ಅವಳು ಮತ್ತೆ ಕೈಯಿಂದ ತಟ್ಟುತ್ತಿದ್ದಾಳೆ, ಮಿಷನ್ನಿಗೇನು ಗೊತ್ತೇ ನಿನ್ನ ಬೆನ್ನು ಎನ್ನುತ್ತಾಳೆ. ಎಡಗಡೆ ತೆಗೆದುಬಿಟ್ಟರೆ ಏನಾಗುತ್ತದೆ, ಸಾಯುವುದಿಲ್ಲ, ಡಾಕ್ಟರು ಹೇಳಿದರಲ್ಲ, ಎಷ್ಟೋ ಜನ ಬದುಕುತ್ತಾರೆ, ಮನೆಯಲ್ಲಿ ಕೂರಬಹುದು, ಕಿಟಕಿ ಹತ್ತಿರ, ಮೆಲ್ಲಗೆ ಮಾತಾಡಿಕೊಂಡು — ಮೆಲ್ಲಗೆ, ನಾನು, ಥೂ, ಹಾಗೆ ಮಾತಾಡುವ ಹೆಂಗಸನ್ನು ನಾನು ಎಂದೂ ಭೇಟಿಯಾಗಿಲ್ಲ, ಭೇಟಿಯಾಗುವ ಆಸೆಯೂ ಇಲ್ಲ. ಎರಡನೆಯ ಊದೂ ಲೆಕ್ಕಕ್ಕೆ ಸೇರಿತು, ಚೆನ್ನಾಗಿತ್ತಕ್ಕ, ಇನ್ನೊಂದೇ ಒಂದು ಎಂದಳು ಹುಡುಗಿ, ತೆರೆ ನೋಡಿ ಹುಬ್ಬು ಗಂಟು ಹಾಕಿದ್ದಾಳೆ, ಚೆನ್ನಾಗಿತ್ತು ಅನ್ನುವ ಮುಖವೇ ಅದು?

ಇನ್ನೊಂದೇ ಒಂದು. ಆಗಲಿ, ಕೊನೆಯದಾದರೆ ಕೊನೆಯದು, ನಾನೇನು ಬಿಟ್ಟಿ ಬಂದವಳಲ್ಲ, ಕ್ಲಿಪ್ಪು ಹಾಕು, ಕೊಳವೆ ಕೊಡು, ಬೆನ್ನು ನೆಟ್ಟಗೆ, ಪಾದ ನೆಲದ ಮೇಲೆ ಗಟ್ಟಿಯಾಗಿ, ಕಟ್ಟೆಯ ಮೇಲೆ ನಿಂತ ಹಾಗೆ, ಕೆಳಗೆ ಎಲ್ಲ ಮುಖಗಳೂ ಮೇಲೆ ನೋಡುತ್ತಿವೆ, ಇವತ್ತು ಗಾಳಿ ಜೋರು, ದೋಣಿಗಳು ಹೋಗಿಲ್ಲ, ಕಟ್ಟೆ ಖಾಲಿ, ಆದರೂ ನನಗೆ ಎಲ್ಲರೂ ಕಾಣುತ್ತಿದ್ದಾರೆ, ಐಸು ಒಡೆಯುವವರು, ಹೋಟೆಲಿನವರು, ಚೀಲ ಹಿಡಿದ ಹೆಂಗಸರು, ಉಸಿರು ಎಳೆದುಕೊಳ್ಳುತ್ತೇನೆ, ಹೊಟ್ಟೆ ತುಂಬಿತು, ಪಕ್ಕೆ ತುಂಬಿತು, ಭುಜದ ಕೆಳಗೆ ತುಂಬಿತು, ಎಡಗಡೆ ಕೆಳಗೆ ಆ ಬೇಡವಾದ ಮೂಲೆಗೂ ಹೋಗು, ಹೋಗು, ಅಲ್ಲಿಗೂ ಗಾಳಿ ಹೋಯಿತು, ಅದೂ ನನ್ನದೇ, ಈಗ — ಹೋಯಿತು, ಬಂದೂಕಿನ ಹಾಗೆ ಹೋಯಿತು, ಹುಡುಗಿ ಊದಿ ಊದಿ ಎನ್ನುವ ಮೊದಲೇ ಅರ್ಧ ಆಚೆ, ಕಣ್ಣು ಕತ್ತಲಾದರೂ ಬಿಡುವುದಿಲ್ಲ, ಉಳಿದದ್ದು ಇದೆ, ಉಳಿದದ್ದೇ ನಿಜವಾದದ್ದು, ಕೂಗಿನ ಕೊನೆಯ ಎಳೆ, ಅಲ್ಲೇ ಬೆಲೆ ಏರುವುದು, ಬನ್ನಿ ಯಾರಿದ್ದೀರಿ, ಇನ್ನೂ ಇದೆ, ಇನ್ನೂ ಇದೆ, ಗೊರಗೊರ ಎದ್ದಿತು, ಬಂದಿದ್ದೀಯಾ, ಕೂತ್ಕೋ ಅಲ್ಲೇ, ನಾನು ಮುಗಿಸುವವರೆಗೂ ಏಳಕೂಡದು, ಹುಡುಗಿ ಈಗ ನಿಜವಾಗಿ ಕೂಗುತ್ತಿದ್ದಾಳೆ, ಹೊಟ್ಟೆಯಿಂದ, ಇನ್ನೂ ಅಕ್ಕ ಇನ್ನೂ ಇನ್ನೂ ಬಿಡಬೇಡಿ ಬಿಡಬೇಡಿ, ಭಲೇ, ಕಲಿತುಬಿಟ್ಟೆಯಲ್ಲ, ಗಾಜು ಅದುರುತ್ತಿದೆ, ಕಿವಿಯಲ್ಲಿ ಗುಂಯ್ ಎನ್ನುತ್ತಿದೆ, ಹೊಟ್ಟೆ ಬೆನ್ನಿಗೆ ಅಂಟಿತು, ಇನ್ನೂ ಒಂದು ಎಳೆ ಇದೆ, ಅದೂ ಹೋಯಿತು, ಇನ್ನೂ ಒಂದು, ಎಲ್ಲಿತ್ತೋ, ಅದೂ ಹೋಯಿತು. ಮುಗಿಯಿತು. ಆಮೇಲೆ ಕೆಮ್ಮಿದೆ, ಕಟ್ಟೆ ಅದುರುವಂಥ ಕೆಮ್ಮು, ಕಣ್ಣಲ್ಲಿ ನೀರು, ಹರಾಜು ಮುಗೀತು ಕಣ್ರಪ್ಪ, ಯಾರಿಗೆ ಬಿತ್ತೋ ಗೊತ್ತಿಲ್ಲ. ಹುಡುಗಿ ನಗುತ್ತಿದ್ದಳು, ನಾನೂ ನಕ್ಕೆ, ನಕ್ಕದ್ದಕ್ಕೆ ಮತ್ತೆ ಕೆಮ್ಮು ಬಂತು.

ಆದರೆ ಅವಳ ನಗು ನಿಂತಿತು. ತೆರೆ ನೋಡಿದಳು, ಬಗ್ಗಿ ನೋಡಿದಳು, ಏನೋ ಒತ್ತಿದಳು, ಮತ್ತೆ ನೋಡಿದಳು, ಎಲ್ಲೋ ತಪ್ಪಿದೆ ಎಂದಳು ತನಗೆ ತಾನೇ, ಗಾಜಿನ ಬಾಗಿಲು ತೆರೆದಿತ್ತು, ನನಗೆ ಕೇಳಿತು, ಈಗ ಕಿವಿ ಚೆನ್ನಾಗಿಯೇ ಕೇಳುತ್ತದೆ, ಕೇಳಬಾರದ್ದು ಇನ್ನೂ ಚೆನ್ನಾಗಿ. ಎಷ್ಟು ಎಂದೆ. ಒಂದ್ನಿಮಿಷ ಅಕ್ಕ ಎಂದು ಫೋನು ಎತ್ತಿದಳು, ಸರ್ ಸ್ವಲ್ಪ ಬರ್ತೀರಾ ಎಂದಳು, ಅಯ್ಯೋ, ದೊಡ್ಡ ಡಾಕ್ಟರನ್ನೇ ಕರೆಯುತ್ತಿದ್ದಾಳೆ, ಅಷ್ಟು ಕೆಳಗೆ ಹೋಯಿತೇ, ಮಿಷನ್ನಿಗೇ ನಂಬಿಕೆ ಬಾರದಷ್ಟು ಕೆಳಗೆ ಹೋಯಿತೇ, ಅಷ್ಟು ಊದಿದೆನಲ್ಲ, ಎಲ್ಲಿಗೆ ಹೋಯಿತು ಆ ಗಾಳಿ, ಸೀಟಿನ ಅಂಚು ಹಿಡಿದುಕೊಂಡೆ, ಬಾಗಿಲ ಸಂದಿಯಲ್ಲಿ ಅಮ್ಮನ ಚಪ್ಪಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು, ಡಾಕ್ಟರು ಒಳಗೆ ಬರುವುದನ್ನು ಅವಳೂ ನೋಡಿದ್ದಾಳೆ, ಅಮ್ಮ, ಅಲ್ಲೇ ಇರು, ಒಳಗೆ ಬರಬೇಡ. ಡಾಕ್ಟರು ಕನ್ನಡಕ ಹಣೆಗೇರಿಸಿ ತೆರೆ ನೋಡಿದರು, ಅರವತ್ತೆರಡಾ ಎಂದರು, ಇದು ಹೇಗೆ ಸಾಧ್ಯ, ಹೋದ ಸಲ ಐವತ್ತರ ಹತ್ತಿರ ಇತ್ತು, ಸತ್ತ ಶ್ವಾಸಕೋಶ ಹಿಂಗೆ ಚಿಗುರಲ್ಲ, ಮೂರೂ ಊದು ಒಂದೇ ಥರ ಇದಾವೆ, ಮಿಷನ್ ಚೆಕ್ ಮಾಡಿದ್ಯಾ? ಬೆಳಗ್ಗೇನೇ ಮಾಡ್ದೆ ಸರ್. ನನಗೆ ಅರವತ್ತೆರಡು ಅನ್ನುವುದಷ್ಟೇ ಕೇಳಿತು, ಉಳಿದದ್ದು ಕಿವಿಯ ಹೊರಗೇ ನಿಂತಿತು, ಅರವತ್ತೆರಡು, ಗಟ್ಟಿಗಿತ್ತಿಯ ಬೆನ್ನು ಹಿಡಿದೆ ಎಂದು ಕುಣಿಯಲೋ, ಮಿಷನ್ನು ಕೆಟ್ಟಿದೆ ಎಂದು ಅಳಲೋ. ಡಾಕ್ಟರು ಲೀಟರಿನ ಲೆಕ್ಕ ತೆಗೆ ಎಂದರು, ಊದಿದ ಗಾಳಿ ಇಷ್ಟು ಲೀಟರು ಅಂತ ಬೇರೆ ಇರುತ್ತದಂತೆ, ಇವರೆಲ್ಲ ನೋಡುತ್ತಿದ್ದದ್ದು ಮಾರ್ಕಿನ ಗೆರೆ ಮಾತ್ರ, ಹುಡುಗಿ ತೆಗೆದಳು, ಹೋದ ಸಲವೂ ಹೆಚ್ಚುಕಮ್ಮಿ ಇಷ್ಟೇ ಗಾಳಿ, ಅದರ ಹಿಂದಿನ ಸಲವೂ ಇಷ್ಟೇ, ಊದಪ್ಪನ ಕಾಲದಲ್ಲೂ ಇಷ್ಟೇ. ಹಾಗಾದ್ರೆ ಮಾರ್ಕ್ ಯಾಕೆ ಇಳೀತು, ಎತ್ತರ ನೋಡು ಎಂದರು ಡಾಕ್ಟರು. ಹುಡುಗಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಸರ್, ಹೋದ ಸಲಕ್ಕಿಂತ ಇವರು ಇವತ್ತು ನಾಲ್ಕು ಬೆರಳು ಗಿಡ್ಡ ಇದಾರೆ.

ನಾಲ್ಕು ಬೆರಳು. ಮೀನಿನ ಬುಟ್ಟಿ ಹೊತ್ತು ಕುಗ್ಗಿಹೋದೆನೇ ಎಂದುಕೊಂಡೆ, ನಿಜವಾಗಿಯೂ ಅದನ್ನೇ ಅಂದುಕೊಂಡೆ, ಆಮೇಲೆ ಹುಡುಗಿ ನನ್ನ ಕಾಲು ನೋಡಿದಳು, ನಾನೂ ನೋಡಿದೆ, ಬರಿಗಾಲು, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದಿದ್ದೆ, ತಲೆಗೆ ಸ್ನಾನ ಮಾಡಿ ಕೂದಲು ಬೆನ್ನ ಮೇಲೆ ಹರಡಿತ್ತು, ಇವತ್ತು ಕೆಲಸವಿಲ್ಲವಲ್ಲ — ಆ ಎರಡು ಸಲ ಧಕ್ಕೆಯಿಂದ ನೇರ ಬಂದಿದ್ದೆ, ಮೊಣಕಾಲುದ್ದದ ಗಮ್‌ಬೂಟು, ಇಟ್ಟಿಗೆಯಷ್ಟು ದಪ್ಪ ಅಟ್ಟೆ, ನೆತ್ತಿಯ ಮೇಲೆ ಎತ್ತಿ ಕಟ್ಟಿದ ತುರುಬು, ಅದರ ಮೇಲೆ ಟೋಪಿ. ಬೂಟು ಬಿಚ್ಚಿಸಲಿಲ್ವಾ ಎಂದರು ಡಾಕ್ಟರು ಮೆಲ್ಲಗೆ. ಹುಡುಗಿಯ ಕಿವಿ ಕೆಂಪಾಯಿತು, ಬಿಚ್ಚೋಕೆ ಹೊರಟಿದ್ರು ಸರ್, ನಾನೇ ಬೇಡ ಅಂದೆ ಎಂದಳು, ಆಮೇಲೆ ನನ್ನ ಕಡೆ ತಿರುಗಿಯೇ ಹೇಳಿದಳು, ಅದಕ್ಕೆ ಅವಳನ್ನು ಮೆಚ್ಚಬೇಕು, ತಪ್ಪು ತಿಳ್ಕೋಬೇಡಿ ಅಕ್ಕ, ವಾಸನೆ ತಡೆಯೋಕಾಗ್ತಿರಲಿಲ್ಲ, ಬೂಟು ಬಿಚ್ಚಿದ್ರೆ ಇನ್ನೂ ಜಾಸ್ತಿ ಆಗುತ್ತೆ ಅಂತ ಹಾಗೇ ನಿಲ್ಲಿಸಿ ಅಳೆದುಬಿಟ್ಟೆ. ವಾಸನೆ. ನನಗೆ ವಾಸನೆಯಾ, ಹೌದಲ್ಲ, ಇರಲೇಬೇಕಲ್ಲ, ದಿನವೆಲ್ಲ ಮೀನಿನ ನಡುವೆ ಇರುವವಳು, ಒಂದು ಕ್ಷಣ ಚುಚ್ಚಿತು, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಚುಚ್ಚಿತು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದದ್ದು ನನ್ನ ಕೆಮ್ಮಿಗೆ ಹೆದರಿ ಎಂದುಕೊಂಡು ಎಷ್ಟು ಜನರಿಗೆ ಇದು ಅಂಟೋ ಕಾಯಿಲೆ ಅಲ್ಲಾರೀ ಎಂದು ಪಾಠ ಹೇಳಿದ್ದೇನೆ, ಅವರೆಲ್ಲ ಮೂಗು ಹಿಡಿದುಕೊಂಡು ಹೌದಮ್ಮ ಹೌದಮ್ಮ ಎಂದಿದ್ದರಲ್ಲ, ಅಮ್ಮ ಒಂದು ದಿನವೂ ಹೇಳಲಿಲ್ಲವಲ್ಲ, ಆ ವಾಸನೆಯ ಬೆನ್ನನ್ನೇ ದಿನಾ ತಟ್ಟಿದಳಲ್ಲ — ಅಷ್ಟರಲ್ಲಿ ನಗು ಬಂತು, ತಡೆಯಲಾರದ ನಗು, ಯಾಕೆಂದರೆ ತಟ್ಟನೆ ನನಗೆ ಅವಳು ಕಂಡಳು, ಮಿಷನ್ನಿನೊಳಗಿನ ಗಟ್ಟಿಗಿತ್ತಿ, ನನ್ನಷ್ಟೇ ಎತ್ತರದವಳನ್ನು ಕೂರಿಸಬೇಕಾದ ಜಾಗದಲ್ಲಿ ಈ ಹುಡುಗಿ ನನ್ನ ಗಮ್‌ಬೂಟು ತೊಟ್ಟು ನನ್ನ ತುರುಬು ಏರಿಸಿಕೊಂಡ ಒಬ್ಬ ದೈತ್ಯ ಹೆಂಗಸನ್ನು ಕೂರಿಸಿದ್ದಳು, ಉದ್ದ ಎದೆ, ಉದ್ದ ಉಸಿರು, ಒಂದು ವರ್ಷದಿಂದ ನಾನು ಸೆಣಸಿದ್ದು ಅವಳ ಜೊತೆ, ಸೋಲದೆ ಇನ್ನೇನು. ಡಾಕ್ಟರೂ ನಕ್ಕರು, ಆಮೇಲೆ ಗಂಭೀರರಾದರು, ನಮ್ಮ ತಪ್ಪಮ್ಮ, ನಾನೂ ಲೀಟರ್ ನೋಡ್ಬೇಕಿತ್ತು, ಬರೀ ಮಾರ್ಕ್ ನೋಡಿ ಮಾತಾಡ್ದೆ, ನಿಮ್ಮ ಶ್ವಾಸಕೋಶ ಎಲ್ಲೂ ಹೋಗಿಲ್ಲ, ಇದ್ದಲ್ಲೇ ಇದೆ, ಈ ಕಾಯಿಲೇಲಿ ಇಷ್ಟು ವರ್ಷ ಇದ್ದಲ್ಲೇ ಇರೋದು ಅಂದ್ರೆ ಸಣ್ಣ ಮಾತಲ್ಲ, ಆಪರೇಷನ್ ಬೇಡ. ಹರಾಜು ಎಂದೆ. ಕೂಗ್ಕೊಳ್ಳಿ ಎಂದರು.

ಇವರ ಎರಡೂ ಸಲದ ಎತ್ತರ ಸರಿಮಾಡು ಎಂದು ಹುಡುಗಿಗೆ ಹೇಳಿ ಡಾಕ್ಟರು ಹೋದರು, ಅವಳು ತೆರೆಯನ್ನು ನನ್ನ ಕಡೆ ತಿರುಗಿಸಿದಳು, ನೀವೇ ನೋಡಿ ಅಕ್ಕ, ಅಲ್ಲಿ ನನ್ನ ವರ್ಷಗಳೆಲ್ಲ ಚುಕ್ಕೆಗಳಾಗಿ ಸಾಲಾಗಿ ಕೂತಿದ್ದವು, ಕೊನೆಯಲ್ಲಿ ಎರಡು ಕೆಳಗೆ ಜಾರಿ ಬಿದ್ದಿದ್ದವು, ಪಕ್ಕದಲ್ಲಿ ಇವತ್ತಿನದು ಮೇಲೆ, ಅವಳು ಎತ್ತರದ ಜಾಗದಲ್ಲಿ ಹೊಸ ಅಂಕಿ ಒತ್ತಿದಳು, ತೆರೆ ಒಮ್ಮೆ ಬೆಳ್ಳಗಾಯಿತು, ಮತ್ತೆ ಬಂತು, ಬಿದ್ದಿದ್ದ ಎರಡು ಚುಕ್ಕೆಗಳು ಎದ್ದವು, ನನ್ನ ಕಣ್ಣೆದುರೇ ಎದ್ದು ಮೇಲಕ್ಕೆ ಹೋಗಿ ಉಳಿದವುಗಳ ಸಾಲಿನಲ್ಲಿ ಕೂತವು. ಕಾರಿಡಾರಿಗೆ ಬಂದೆ, ಅಮ್ಮ ಎದ್ದು ನಿಂತಿದ್ದಳು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಏನಂದ್ರೇ ಎಂದಳು, ಬಾಯಿ ತೆರೆದೆ, ಧಕ್ಕೆಯ ಆ ತುದಿಗೆ ಕೇಳುವ ಹಾಗೆ ಕೂಗುವವಳು, ದನಿ ಬರಲಿಲ್ಲ, ಹೇಳುವುದು ಬೇಕಾದಷ್ಟಿದೆ, ಆಪರೇಷನ್ ಇಲ್ಲ ಎಂದು ಹೇಳಬೇಕು, ಇಳಿದೇ ಇರಲಿಲ್ಲ ಕಣಮ್ಮ, ನೀನು ತಟ್ಟಿದ್ದು ಯಾವುದೂ ಹಾಳಾಗಿಲ್ಲ ಎಂದು ಹೇಳಬೇಕು, ಏನಂದ್ರೇ ಹೇಳೇ, ನನ್ನ ಎರಡೂ ತೋಳು ಹಿಡಿದು ಅಲುಗಾಡಿಸುತ್ತಿದ್ದಾಳೆ, ಹೇಳುತ್ತೇನೆ ಇರಮ್ಮ, ಹೇಳುತ್ತೇನೆ, ಅವಳ ಮುಖ ನೋಡಿದರೂ ಅದೇ ಕಾಣುತ್ತಿದೆ, ಬಿದ್ದಿದ್ದ ಎರಡು ಚುಕ್ಕೆ, ಎದ್ದವು, ಹೇಳೇ, ಎರಡು ಚುಕ್ಕೆ, ಎದ್ದು ಮೇಲಕ್ಕೆ, ಎರಡು ಚುಕ್ಕೆ, ಎದ್ದು